ಮನೆಯ ಪತ್ರದಲ್ಲಿ ಯಜಮಾನಿಯ ಹೆಸರು

ಪಡಿತರ ಚೀಟಿಯಲ್ಲಿ ಕುಟುಂಬದ ಮುಖ್ಯಸ್ಥೆಯೆಂದು ಬರೆದಿರುವುದು ಹೆಣ್ಣಿನ ಹೆಸರನ್ನು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಆ ಸ್ಥಾನವನ್ನು ಮನೆಯ ಹಿರಿಯ ಮಹಿಳೆಗೇ ಕೊಟ್ಟಿತು. 2023ರ ಆಗಸ್ಟ್ ತಿಂಗಳಿಂದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಸಂದಾಯವಾಗುತ್ತಿರುವುದೂ ಆ ಯಜಮಾನಿಗೇ. ಆದರೆ ಅದೇ ಯಜಮಾನಿ ದಿನವೂ ಸಾರಿಸಿ ರಂಗೋಲಿಯಿಡುವ ಅಂಗಳದ ಚಕ್ಕುಬಂದಿ ಯಾರ ಹೆಸರಿನ ಪತ್ರದಲ್ಲಿ ಬರೆದಿದೆ ಎಂದು ಚಿತ್ರದುರ್ಗದ ಯಾವ ಬೀದಿಯಲ್ಲಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಯಾವ ಹಳ್ಳಿಯಲ್ಲಾಗಲಿ ವಿಚಾರಿಸಿದರೆ, ಬಹುಮಟ್ಟಿಗೆ ಕೇಳಿಬರುವುದು ಗಂಡನ ಹೆಸರು, ಇಲ್ಲವೆ ಮಾವನ ಹೆಸರು, ಕೆಲವೊಮ್ಮೆ ತೀರಿಹೋಗಿ ಎಷ್ಟೋ ವರ್ಷಗಳಾದ ಮಾವನ ತಂದೆಯ ಹೆಸರು.

ಅಂಕಿಅಂಶಗಳನ್ನು ನೋಡಿದವರಿಗೆ ಈ ಮಾತು ವಿಚಿತ್ರವಾಗಿ ತೋರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 67ಕ್ಕೂ ಹೆಚ್ಚು ಮಂದಿ ತಾವು ಒಬ್ಬರೇ ಅಥವಾ ಇತರರೊಡನೆ ಜಂಟಿಯಾಗಿ ಮನೆಯನ್ನೋ ಭೂಮಿಯನ್ನೋ ಹೊಂದಿರುವುದಾಗಿ ಹೇಳಿದ್ದಾರೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಸುಮಾರು 52 ಇದ್ದಿತು. 2019–21ರಲ್ಲಿ ಇಡೀ ದೇಶದ ಪ್ರಮಾಣವಾದರೋ 43ನ್ನು ಸ್ವಲ್ಪವೇ ದಾಟಿತ್ತು. ಸಂತೋಷದ ಸಂಗತಿಯೇ ಸರಿ. ಆದರೆ ಇದು ಹೆಂಗಸರು ಬಾಯಿಮಾತಿನಲ್ಲಿ ಕೊಟ್ಟ ಉತ್ತರವೆಂಬುದನ್ನು ಮರೆಯಲಾಗದು. ‘ಮನೆ ನಮ್ಮದೇ’ ಎಂದು ಹೇಳುವ ಹೆಣ್ಣುಮಗಳು ಸುಳ್ಳಾಡುವುದಿಲ್ಲ. ಅವಳ ಮನಸ್ಸಿಗೆ ಅದು ತನ್ನದೇ. ಗಂಡ ಕಾಲವಾದ ದಿನ, ಸೋದರರು ಪಾಲಿಗೆ ಕೂತ ದಿನ, ಬ್ಯಾಂಕಿನವರು ಜಪ್ತಿಯ ನೋಟೀಸು ಅಂಟಿಸಿದ ದಿನ ಕೇಳುವುದು ಮನಸ್ಸಿನ ಮಾತನ್ನಲ್ಲ, ಕಾಗದವನ್ನು. ಆದುದರಿಂದ ಆ ಕಾಗದ ಹೆಣ್ಣಿನ ಕೈಗೆ ಬರುವ ದಾರಿಗಳು ಯಾವುವು, ಬಂದ ಮೇಲೆ ಉಳಿಯುವ ದಾರಿ ಯಾವುದು ಎಂಬುದನ್ನು ಈ ನಾಲ್ಕು ತಾಲ್ಲೂಕುಗಳ ಸಂದರ್ಭದಲ್ಲಿಟ್ಟು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲನೆಯ ದಾರಿ ತವರಿನದು. ಈ ವಿಷಯದಲ್ಲಿ ನಮ್ಮ ಸೀಮೆಗೆ ಹೆಮ್ಮೆಪಡತಕ್ಕ ಪೂರ್ವಚರಿತ್ರೆಯುಂಟು. ಚಿತ್ರದುರ್ಗವು ಸೇರಿದ್ದ ಮೈಸೂರು ಸಂಸ್ಥಾನವು, ಬ್ರಿಟಿಷ್ ಇಂಡಿಯಾದಲ್ಲಿ ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿನ ಕಾಯಿದೆ ಬರುವುದಕ್ಕೆ ನಾಲ್ಕು ವರ್ಷ ಮುಂಚೆಯೇ, 1933ರಲ್ಲಿ, ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯೊಂದನ್ನು ಜಾರಿಗೆ ತಂದಿತು. ಅವಿಭಕ್ತ ಕುಟುಂಬ ಪಾಲಾಗುವಾಗ ತಾಯಿಗೆ ಮಗನ ಪಾಲಿನ ಅರ್ಧ, ಮದುವೆಯಾಗದ ಮಗಳಿಗೆ ಸೋದರನ ಪಾಲಿನ ಕಾಲುಭಾಗ ಎಂದು ಅದು ವಿಧಿಸಿತು. ಮದುವೆಯಾಗಿ ಹೋದ ಮಗಳಿಗೆ ಏನೂ ಇರಲಿಲ್ಲ. ಹಿರಿಯೂರಿನ ಜನಕ್ಕೆ ಆ ವರ್ಷ ಬೇರೊಂದು ಕಾರಣಕ್ಕೆ ನೆನಪಿರಬಹುದು: ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಆಡಳಿತಕಾಲದಲ್ಲಿ ಕೆಲಸ ಆರಂಭವಾಗಿ ಅವರ ಹೆಸರನ್ನೇ ಹೊತ್ತ ಮಾರಿಕಣಿವೆಯ ಜಲಾಶಯ ಕೋಡಿ ಹರಿದದ್ದು 1933ರಲ್ಲಿ, ಅದು ಮತ್ತೆ ಕೋಡಿ ಬೀಳಲು ಎಂಬತ್ತೊಂಬತ್ತು ವರ್ಷ ಹಿಡಿದು, 2022ರ ಮಳೆಗಾಲ ಬರಬೇಕಾಯಿತು. ಆ ಎರಡು ಕೋಡಿಗಳ ನಡುವಣ ಕಾಲದಲ್ಲಿ ಮಗಳ ಕಾಲುಪಾಲು ಮಗನ ಸಮಪಾಲಾಗಿ ಬೆಳೆಯಿತು.

ಅದು ಬೆಳೆದ ಬಗೆಯನ್ನು ತಿಳಿದಿರುವುದು ಅವಶ್ಯ, ಏಕೆಂದರೆ ಇಂದಿಗೂ ಊರ ಪಂಚಾಯಿತಿಗಳಲ್ಲಿ ಹಳೆಯ ಕಾನೂನನ್ನೇ ಹೇಳಿ ಹೆಣ್ಣುಮಕ್ಕಳನ್ನು ಸುಮ್ಮನಾಗಿಸುವುದುಂಟು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಹೆಣ್ಣಿನ ವಶದಲ್ಲಿರುವ ಆಸ್ತಿಗೆ ಅವಳನ್ನೇ ಸಂಪೂರ್ಣ ಒಡತಿಯನ್ನಾಗಿ ಮಾಡಿತು. ಕರ್ನಾಟಕವು 1994ರ ಜುಲೈ 30ರಿಂದ ಮಗಳನ್ನೂ ಹುಟ್ಟಿನಿಂದಲೇ ಪಿತ್ರಾರ್ಜಿತದ ಪಾಲುದಾರಳೆಂದು ಅಂಗೀಕರಿಸಿತು, ಆದರೆ ಆ ದಿನಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೊಡೆದುಹಾಕಿತು. ತಂದೆ ಆ ದಿನ ಬದುಕಿದ್ದರೇ ಮಗಳಿಗೆ ಹಕ್ಕು ಎಂದು ಉಳಿದಿದ್ದ ಸಂದೇಹವನ್ನು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ನಿವಾರಿಸಿತು: ತಂದೆ ಮುಂಚೆಯೇ ತೀರಿಕೊಂಡಿದ್ದರೂ ಮಗಳ ಹಕ್ಕು ಹಕ್ಕೇ. 2004ರ ಡಿಸೆಂಬರ್ 20ಕ್ಕೆ ಮುನ್ನ ನೋಂದಣಿಯಾದ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ಆಗಿಹೋದ ವಿಭಾಗಗಳನ್ನು ಮಾತ್ರ ಕೆದಕುವಂತಿಲ್ಲ. ‘ನಮ್ಮಲ್ಲಿ ಎಂದೋ ಬಾಯಿಮಾತಿನಲ್ಲೇ ಪಾಲಾಗಿದೆ’ ಎಂಬ ವಾದಕ್ಕೆ ಸರ್ಕಾರಿ ದಾಖಲೆಗಳ ಆಧಾರವಿಲ್ಲದಿದ್ದರೆ ನ್ಯಾಯಾಲಯ ಸುಲಭವಾಗಿ ಕಿವಿಗೊಡುವುದಿಲ್ಲ.

ಇದರಲ್ಲಿ ವಾಸದ ಮನೆಗೆ ಸಂಬಂಧಿಸಿದ, ಅಷ್ಟಾಗಿ ಪ್ರಚಾರಕ್ಕೆ ಬಾರದ ಒಂದಂಶವಿದೆ. 1956ರ ಕಾಯಿದೆಯ 23ನೆಯ ಕಲಮು, ತಂದೆಯ ಮನೆಯಲ್ಲಿ ಗಂಡುಮಕ್ಕಳು ವಾಸವಾಗಿರುವ ತನಕ ಹೆಣ್ಣುಮಗಳು ಆ ಮನೆಯ ಪಾಲು ಕೇಳಕೂಡದು, ಮದುವೆಯಾಗದವಳೋ ವಿಧವೆಯೋ ಗಂಡನಿಂದ ದೂರಾದವಳೋ ಆಗಿದ್ದರೆ ವಾಸ ಮಾತ್ರ ಮಾಡಬಹುದು ಎಂದು ಹೇಳುತ್ತಿತ್ತು. ಆ ಕಲಮನ್ನು 2005ರಲ್ಲಿ ಪೂರ್ತಿಯಾಗಿ ಕಿತ್ತುಹಾಕಲಾಯಿತು. ಹೊಲದಲ್ಲಿ ಪಾಲುಂಟು, ಮನೆಯಲ್ಲಿಲ್ಲ ಎಂದು ಯಾರಾದರೂ ಹೇಳಿದರೆ ಅವರು ಹೇಳುತ್ತಿರುವುದು ಸತ್ತ ಕಾನೂನನ್ನು. ತಂದೆಯ ಸ್ವಯಾರ್ಜಿತವಾದರೆ ಆತ ಉಯಿಲಿನಿಂದ ಬೇಕಾದವರಿಗೆ ಕೊಡಬಲ್ಲ. ಉಯಿಲಿಲ್ಲದೆ ತೀರಿಕೊಂಡರೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸರಿಸಮಪಾಲು. ಮುಸ್ಲಿಂ ಕುಟುಂಬಗಳಲ್ಲಿ ಮಗಳಿಗೆ ಮಗನ ಪಾಲಿನ ಅರ್ಧವೂ ಮಕ್ಕಳಿರುವ ವಿಧವೆಗೆ ಎಂಟನೆಯ ಒಂದು ಭಾಗವೂ ಸಲ್ಲುತ್ತದೆ. ಕ್ರೈಸ್ತರಲ್ಲಿ ವಿಧವೆಗೆ ಮೂರನೆಯ ಒಂದು ಭಾಗ ಕಳೆದು ಉಳಿದುದು ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಸಮನಾಗಿ ಹೋಗುತ್ತದೆ.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಹಕ್ಕು ಕೈಬಿಟ್ಟುಹೋಗುವ ಸ್ಥಳ ಯಾವುದೆಂದು ಕೇಳಿದರೆ, ಅದು ನ್ಯಾಯಾಲಯವಲ್ಲ, ಉಪನೋಂದಣಾಧಿಕಾರಿಯ ಕಚೇರಿ. ಮದುವೆ ತಿಥಿಗಳಿಗಾಗಿ ತವರಿಗೆ ಬಂದ ಅಕ್ಕನನ್ನು ತಮ್ಮ ಬೈಕಿನಲ್ಲಿ ಕೂರಿಸಿಕೊಂಡು ಕಚೇರಿಗೆ ಕರೆತರುತ್ತಾನೆ. ಪತ್ರಬರಹಗಾರರ ಅಂಗಡಿಯಲ್ಲಿ ಕಾಗದ ಮುಂಚೆಯೇ ಸಿದ್ಧವಾಗಿರುತ್ತದೆ. “ಅಕ್ಕಾ, ಒಳಗೆ ಕೇಳಿದರೆ ಒಪ್ಪಿಗೆ ಇದೆ ಅನ್ನು, ಸಾಕು” ಎಂದು ಅವನು ಹೇಳಿಕೊಡುತ್ತಾನೆ. ಅವಳು ಕ್ಯಾಮೆರಾದ ಮುಂದೆ ಕೂತು, ಹೆಬ್ಬೆಟ್ಟನ್ನು ಯಂತ್ರದ ಮೇಲಿಟ್ಟು, ಒಪ್ಪಿಗೆ ಇದೆ ಎನ್ನುತ್ತಾಳೆ. ಸಂಜೆ ಅರಿಸಿನ ಕುಂಕುಮಕ್ಕೆಂದು ಒಂದು ಸೀರೆ, ಸ್ವಲ್ಪ ಹಣ. ಅವಳು ಬರೆದುಕೊಟ್ಟದ್ದು ಹಕ್ಕು ಖುಲಾಸೆ ಪತ್ರ. ಅದು ನೋಂದಣಿಯಾದ ಮೇಲೆ, ಮೋಸದಿಂದಲೋ ಒತ್ತಾಯದಿಂದಲೋ ಬರೆಸಿಕೊಂಡರೆಂದು ಸಾಧಿಸಿ, ಸಂಗತಿ ತಿಳಿದ ಮೂರು ವರ್ಷದೊಳಗೆ ದಾವೆ ಹೂಡಿದ ಹೊರತು ಅದನ್ನು ರದ್ದುಪಡಿಸಲಾಗದು. ತವರಿನ ಬಾಗಿಲು ಮುಚ್ಚೀತೆಂಬ ಭಯ ಈ ಸಹಿಯ ಹಿಂದೆ ಇರುತ್ತದೆಂಬುದನ್ನು ನಾನು ಬಲ್ಲೆ. ಆ ಭಯವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಪ್ರೀತಿಯಿಂದ ಬಿಟ್ಟುಕೊಡುವುದು ಅವಳ ಇಷ್ಟ. ಆದರೆ ಏನನ್ನು ಬಿಟ್ಟುಕೊಡುತ್ತಿದ್ದೇನೆಂದು ತಿಳಿಯದೆ ಬಿಡುವುದು ತ್ಯಾಗವಲ್ಲ. ಪತ್ರದ ಕರಡನ್ನು ಹಿಂದಿನ ದಿನವೇ ಕೇಳಿ ಪಡೆಯಿರಿ. ಓದು ಬಾರದಿದ್ದರೆ ಓದಬಲ್ಲ ಮಗಳಿಂದಲೋ ಶಾಲೆಯ ಉಪಾಧ್ಯಾಯಿನಿಯಿಂದಲೋ ಪೂರ್ತಿಯಾಗಿ ಓದಿಸಿ ಕೇಳಿ. ಸರ್ವೆ ನಂಬರು, ಮನೆ ನಂಬರು ಯಾವುವೆಂದು ಗುರುತು ಹಾಕಿಕೊಳ್ಳಿ.

ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಗಳಿಗೂ ತುಮಕೂರು–ದಾವಣಗೆರೆ ರೈಲುಮಾರ್ಗಕ್ಕೂ ಜಮೀನು ಬಿಟ್ಟುಕೊಟ್ಟ ಕುಟುಂಬಗಳಲ್ಲಿ ಇಂಥ ಸಹಿಯ ಅವಸರ ವಿಶೇಷವಾಗಿ ಕಾಣುತ್ತದೆ. ಪರಿಹಾರದ ಹಣ ಬರಬೇಕಾದರೆ ನಾಡಕಚೇರಿಯ ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರಿರಬೇಕು. ಹೆಸರಿದ್ದರೆ ಅವರ ಒಪ್ಪಿಗೆ ಬೇಕು. ತಂದೆ ತೀರಿದ ಮೇಲೆ ಪೌತಿ ಖಾತೆ ಮಾಡಿಸುವಾಗ ಸಲ್ಲಿಸುವುದೂ ಇದೇ ವಂಶವೃಕ್ಷವನ್ನು. ಅದರಲ್ಲಿ ತನ್ನ ಹೆಸರನ್ನು ಬಿಟ್ಟಿದ್ದಾರೆಯೇ ಎಂದು ನೋಡಿಕೊಳ್ಳುವುದು ಪ್ರತಿಯೊಬ್ಬ ಮಗಳೂ ಮಾಡಬೇಕಾದ ಮೊದಲ ಕೆಲಸ. ಹುಟ್ಟಿದ ಮನೆಯ ದಾಖಲೆಯಲ್ಲಿ ಅವಳ ಹೆಸರು ತಂದೆಯ ಹೆಸರಿನೊಡನೆಯೂ ಆಧಾರದಲ್ಲಿ ಗಂಡನ ಹೆಸರಿನೊಡನೆಯೂ ಇರುವುದರಿಂದ ಇಬ್ಬರೂ ಒಬ್ಬಳೇ ಎಂದು ತೋರಿಸುವ ಶಾಲಾ ವರ್ಗಾವಣೆ ಪತ್ರ, ಮದುವೆಯ ನೋಂದಣಿ ಪತ್ರಗಳನ್ನು ಜೋಪಾನವಾಗಿಡತಕ್ಕದ್ದು. ಪರಿಹಾರದ ಹಣದಲ್ಲಿ ತನ್ನ ಪಾಲನ್ನು ಪಡೆದು, ಸಮೀಪದ ಪಟ್ಟಣದಲ್ಲಿ ತನ್ನ ಹೆಸರಿಗೇ ನಿವೇಶನ ಕೊಂಡವಳು ತವರಿನೊಡನೆ ಜಗಳವಾಡಿದವಳೆಂದು ನಾನು ಒಪ್ಪುವುದಿಲ್ಲ.

ಎರಡನೆಯ ದಾರಿ ಸರ್ಕಾರದ ವಸತಿ ಯೋಜನೆಗಳದು. ಬಡ ಕುಟುಂಬಗಳ ಹೆಣ್ಣಿಗೆ ಅತ್ಯಂತ ಹೆಚ್ಚು ಮನೆಗಳು ದೊರೆತಿರುವುದು ಈ ದಾರಿಯಲ್ಲಿಯೇ ಎಂದು ನಾನು ತಿಳಿದಿದ್ದೇನೆ. 1990ರ ದಶಕದ ಆರಂಭದ ಆಶ್ರಯ ಯೋಜನೆ, 2000ದಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಆಮೇಲಿನ ಬಸವ ವಸತಿ ಯೋಜನೆ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆಗಳಲ್ಲಿ, ವಿಧುರರು, ಮಾಜಿ ಸೈನಿಕರು ಮೊದಲಾದ ಕೆಲವರನ್ನು ಬಿಟ್ಟರೆ, ಮನೆ ಮಂಜೂರಾಗುವುದು ಮಹಿಳೆಯ ಹೆಸರಿಗೆ. 2016ರಲ್ಲಿ ಆರಂಭವಾದ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲುಸೀಮೆಗೆ 1.20 ಲಕ್ಷ ರೂಪಾಯಿ ನೆರವು, ಕನಿಷ್ಠ 25 ಚದರ ಮೀಟರ್ ಮನೆ. ಮಂಜೂರಾತಿ ಹೆಂಡತಿಯ ಹೆಸರಿಗೆ ಅಥವಾ ಇಬ್ಬರ ಹೆಸರಿಗೆ. ಪಟ್ಟಣಗಳಿಗೆ 2024ರ ಸೆಪ್ಟೆಂಬರಿನಿಂದ ಇದರ ಎರಡನೆಯ ಆವೃತ್ತಿ ನಡೆಯುತ್ತಿದೆ. ವರ್ಷಕ್ಕೆ ಮೂರು ಲಕ್ಷದೊಳಗೆ ಆದಾಯವಿರುವ, ದೇಶದ ಎಲ್ಲಿಯೂ ಪಕ್ಕಾ ಮನೆಯಿಲ್ಲದ ಕುಟುಂಬಗಳು ನಗರಸಭೆ, ಪುರಸಭೆಗಳ ಮೂಲಕ ಅರ್ಜಿ ಕೊಡಬಹುದು. ಹಳ್ಳಿಗಳಲ್ಲಿ ಫಲಾನುಭವಿಗಳ ಆಯ್ಕೆ ಆಗುವುದು ಗ್ರಾಮಸಭೆಯಲ್ಲಿ. ಆ ಸಭೆಗೆ ಹೋಗದೆ ಮನೆಯಲ್ಲಿ ಕುಳಿತವರ ಹೆಸರು ಪಟ್ಟಿಗೆ ಬರುವುದು ದುರ್ಲಭ. ಸ್ತ್ರೀಶಕ್ತಿ ಸಂಘದ ಹತ್ತು ಮಂದಿ ಒಟ್ಟಾಗಿ ಹೋಗಿ ಮುಂದೆ ಕೂತರೆ ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳದೆ ಯಾವ ಪಿಡಿಓಗೂ ನಿರ್ವಾಹವಿಲ್ಲ.

ಮಂಜೂರಾದ ಮೇಲೆ ಹಣ ಬರುವುದು ಕಂತುಗಳಲ್ಲಿ. ಪಾಯದ ಬಿಲ್ಲು, ಲಿಂಟಲ್ಲಿನ ಬಿಲ್ಲು, ಚಾವಣಿಯ ಬಿಲ್ಲು, ಕೊನೆಯ ಬಿಲ್ಲು: ಪ್ರತಿ ಹಂತದಲ್ಲೂ ಪಂಚಾಯಿತಿಯವರು ಬಂದು ಮೊಬೈಲಿನಲ್ಲಿ ಜಿಪಿಎಸ್ ಫೋಟೋ ತೆಗೆದ ಹೊರತು ಮುಂದಿನ ಕಂತು ಇಲ್ಲ. ಫಲಾನುಭವಿಯ ಬ್ಯಾಂಕ್ ಖಾತೆ ಅವಳ ಒಬ್ಬಳದೇ ಆಗಿರಲಿ, ಆಧಾರಕ್ಕೆ ಜೋಡಣೆಯಾಗಿರಲಿ, ಪಾಸುಪುಸ್ತಕವೂ ಕಾರ್ಡೂ ಅವಳ ಪೆಟ್ಟಿಗೆಯಲ್ಲಿರಲಿ. ಮನೆ ಎದ್ದ ಮೇಲೆ ಬಹುಮಂದಿ ಮರೆಯುವ ಕೆಲಸವೊಂದಿದೆ: ಮಂಜೂರಾತಿ ಆದೇಶ ಹೆಂಡತಿಯ ಹೆಸರಿನಲ್ಲಿದ್ದು ನಿವೇಶನದ ಖಾತೆ ಮಾವನ ಹೆಸರಿನಲ್ಲಿಯೇ ಉಳಿದಿದ್ದರೆ, ಗೋಡೆ ಅವಳದು, ನೆಲ ಅವರದು. ಮಾವನವರು ಬದುಕಿರುವಾಗಲೇ ದಾನಪತ್ರದ ಮೂಲಕ ಆ ನಿವೇಶನವನ್ನು ಸೊಸೆಯ ಹೆಸರಿಗೆ ಬರೆಸಿಕೊಳ್ಳುವುದು ಉಚಿತ. ಕುಟುಂಬದವರೊಳಗಿನ ದಾನಕ್ಕೆ ಕರ್ನಾಟಕದಲ್ಲಿ ಶೇಕಡಾವಾರು ಮುದ್ರಾಂಕ ಶುಲ್ಕವಿಲ್ಲ, ಕೆಲವೇ ಸಾವಿರದ ನಿಗದಿ ಮೊತ್ತ ಸಾಕು.

ಈ ತಾಲ್ಲೂಕುಗಳಲ್ಲಿ ಹಟ್ಟಿ, ತಾಂಡಾಗಳ ಸಂಖ್ಯೆ ದೊಡ್ಡದು. ಗೊಲ್ಲರಹಟ್ಟಿ, ನಾಯಕರಹಟ್ಟಿ, ಲಂಬಾಣಿ ತಾಂಡಾಗಳಲ್ಲಿ ತಲೆತಲಾಂತರದಿಂದ ಖಾಸಗಿಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡಿದ್ದರೂ ದಾಖಲೆಯಿಲ್ಲದವರಿಗಾಗಿ ಭೂಸುಧಾರಣಾ ಕಾಯಿದೆಗೆ 38ಎ ಎಂಬ ಕಲಮನ್ನು ಸೇರಿಸಲಾಯಿತು. ಅಂಥ ನೆಲೆಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ ಹಕ್ಕುಪತ್ರ ಕೊಡುವ ಕಾರ್ಯ ನಡೆದಿದೆ, 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಹಕ್ಕುಪತ್ರಗಳನ್ನು ವಿತರಿಸಲಾಯಿತು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಕಂದಾಯ ಕಾಯಿದೆಯ 94ಸಿ, ಪಟ್ಟಣಗಳಲ್ಲಿ 94ಸಿಸಿ ಅನ್ವಯಿಸುತ್ತದೆ. ಈ ಪತ್ರಗಳಲ್ಲಿ ಹೆಂಡತಿಯ ಹೆಸರನ್ನೂ ಸೇರಿಸಬೇಕೆಂದು ಅರ್ಜಿ ಕೊಡುವಾಗಲೇ ಕೇಳಿಕೊಳ್ಳತಕ್ಕದ್ದು. ಪತ್ರ ಅಚ್ಚಾದ ಮೇಲೆ ಸೇರಿಸುವುದು ಕಷ್ಟ. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಮುಟ್ಟಿನ ದಿನಗಳಲ್ಲಿಯೂ ಬಾಣಂತನದಲ್ಲಿಯೂ ಹೆಂಗಸರು ಮನೆಯ ಹೊರಗೆ, ಕೆಲವೊಮ್ಮೆ ಹಟ್ಟಿಯ ಹೊರಗೇ ಇರಬೇಕಾದ ರೂಢಿ ಇನ್ನೂ ಉಳಿದಿದೆ. ಹಕ್ಕುಪತ್ರವೊಂದೇ ಆ ರೂಢಿಯನ್ನು ಬಿಡಿಸದು. ಆದರೂ ಹಸುಗೂಸನ್ನು ಎತ್ತಿಕೊಂಡು ಗುಡಿಸಲಿನಲ್ಲಿ ಚಳಿಗೆ ಕೂತ ಬಾಣಂತಿಯ ಹೆಸರು ಆ ಮನೆಯ ಪತ್ರದಲ್ಲಿರುವುದು, ಆ ರೂಢಿಯ ಚರ್ಚೆಯಲ್ಲಿ ಅವಳಿಗೆ ಮಾತಾಡಲು ಒಂದು ನೆಲೆಯನ್ನಾದರೂ ಕೊಡುತ್ತದೆಂದು ನನ್ನ ದೃಢವಾದ ನಂಬಿಕೆ.

ಮೂರನೆಯದು ಕೊಂಡುಕೊಳ್ಳುವ ದಾರಿ. ಹೆದ್ದಾರಿಯ ಬದಿಯ ಹಿರಿಯೂರಿನಲ್ಲಿ, ಚಿತ್ರದುರ್ಗದ ಹೊರವಲಯದಲ್ಲಿ, ಅಡಕೆಯ ಹಣ ಓಡಾಡುವ ಹೊಳಲ್ಕೆರೆಯಲ್ಲಿ, ತೆಂಗಿನ ಹೊಸದುರ್ಗದಲ್ಲಿ ಉಪಾಧ್ಯಾಯಿನಿಯರು, ದಾದಿಯರು, ಅಂಗನವಾಡಿ ಕಾರ್ಯಕರ್ತೆಯರು, ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ತಮ್ಮ ದುಡಿಮೆಯಿಂದ ನಿವೇಶನ ಕೊಳ್ಳತೊಡಗಿದ್ದಾರೆ. ಇವರು ಮೊದಲು ಕೈಯಲ್ಲಿ ಹಿಡಿದು ಓದಬೇಕಾದುದು ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9ನ್ನು. ಮಾಲೀಕರ ಹೆಸರೂ ಫೋಟೋವೂ ಇವೆಯೇ. ಉದ್ದಗಲಗಳು ಸ್ಥಳದಲ್ಲಿ ಟೇಪು ಹಿಡಿದು ಅಳೆದುದಕ್ಕೆ ಹೊಂದುತ್ತವೆಯೇ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಎಂದು ಬರೆದಿರುವ ಕಡೆ ನಿಜವಾಗಿ ರಸ್ತೆಯಿದೆಯೇ, ಇಲ್ಲ ಪಕ್ಕದವರ ಹಿತ್ತಿಲೇ? ನಮೂನೆ 9ರ ಜೊತೆ 11ಎ ಬರಬೇಕು. 11ಬಿ ಎಂದಿದ್ದರೆ ಬಡಾವಣೆಯ ಅನುಮೋದನೆಯಲ್ಲಿ ಕೊರತೆಯಿದೆಯೆಂದು ತಿಳಿದು ಎಚ್ಚರದಿಂದಿರಬೇಕು. ಪಟ್ಟಣವಾದರೆ ಇ-ಖಾತೆ ನೋಡಿ. ಖಾತೆಯೆಂಬುದು ಕಂದಾಯ ಕಟ್ಟುವವರ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಒಡೆತನ ಹುಟ್ಟುವುದು ನೋಂದಾಯಿತ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳಿಂದ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮೂವತ್ತು ವರ್ಷದ ಋಣಭಾರ ಪತ್ರ (ಇ.ಸಿ.) ತೆಗೆಸಿ, ಸಾಲವೋ ಬೇರೆಯವರ ಕ್ರಯವೋ ಇದೆಯೇ ಎಂದು ನೋಡಿ. ಭೂಪರಿವರ್ತನೆಯ ಆದೇಶ ಕೇಳಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, ಸರ್ಕಾರದ ಅನುಮತಿಯಿಲ್ಲದೆ ಆದ ಮಾರಾಟ 1978ರ ಪಿಟಿಸಿಎಲ್ ಕಾಯಿದೆಯಂತೆ ನಿಲ್ಲದು. ಮೂಲ ಮಂಜೂರಾತಿಯ ತನಕ ಹಿಂದಕ್ಕೆ ಹೋಗಿ ವಿಚಾರಿಸಿ. ಸಾಮಾನ್ಯ ಅಧಿಕಾರಪತ್ರದ (ಜಿಪಿಎ) ಮೇಲೆ ಮಾರುತ್ತೇವೆಂದು ಬಂದವರಿಗೆ ಮುಂಗಡವನ್ನೂ ಕೊಡಬೇಡಿ.

ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ನೂರಕ್ಕೆ ಐದು, ಅದರ ಮೇಲೆ ಉಪಕರ, ಅಧಿಭಾರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಒಂದರಿಂದ ಎರಡಕ್ಕೆ ಏರಿದೆ. ಹತ್ತು ಲಕ್ಷದ ನಿವೇಶನಕ್ಕೆ ಎಪ್ಪತ್ತು ಸಾವಿರಕ್ಕೂ ಮೇಲೆ ಎಂದಾಯಿತು. ದೆಹಲಿಯಲ್ಲಿ ಮುದ್ರಾಂಕ ಶುಲ್ಕ ಗಂಡಸರಿಗೆ ನೂರಕ್ಕೆ ಆರಿದ್ದರೆ ಹೆಂಗಸರಿಗೆ ನಾಲ್ಕು. ಮಹಾರಾಷ್ಟ್ರದಲ್ಲಿ ಮನೆ ಕೊಳ್ಳುವ ಹೆಂಗಸರಿಗೆ ಶೇಕಡಾ ಒಂದು ರಿಯಾಯಿತಿ. 2024ರ ಕೇಂದ್ರ ಆಯವ್ಯಯದಲ್ಲಿ ರಾಜ್ಯಗಳು ಹೀಗೆ ಮಾಡಲೆಂದು ಪ್ರೋತ್ಸಾಹದ ಮಾತೂ ಬಂದಿತು. 1933ರಲ್ಲಿ ದೇಶಕ್ಕೆ ಮುಂದಾಗಿ ನಡೆದ ಈ ನಾಡು ಇಂಥದೊಂದು ರಿಯಾಯಿತಿಯನ್ನು ಇನ್ನೂ ಕೊಡದಿರುವುದು ನನಗೆ ವ್ಯಸನವನ್ನುಂಟುಮಾಡುತ್ತದೆ; ಶಾಸಕರನ್ನು ಕಂಡಾಗ ಮಹಿಳಾ ಸಂಘಗಳು ಕೇಳತಕ್ಕ ಬೇಡಿಕೆಗಳಲ್ಲಿ ಇದೂ ಒಂದಾಗಲಿ.

ಸಾಲದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬ್ಯಾಂಕಿನವರು ‘ಸಹ ಅರ್ಜಿದಾರಳು’ ಎಂದು ಹೆಂಡತಿಯ ಸಹಿ ತೆಗೆದುಕೊಂಡ ಮಾತ್ರಕ್ಕೆ ಅವಳು ಸಹ ಮಾಲೀಕಳಾಗುವುದಿಲ್ಲ. ಮನೆ ಗಂಡನೊಬ್ಬನ ಹೆಸರಿನಲ್ಲಿದ್ದು ಸಾಲ ಇಬ್ಬರ ಹೆಸರಿನಲ್ಲಿದ್ದರೆ, ಅವಳ ಪಾಲಿಗೆ ಬಂದದ್ದು ಋಣ ಮಾತ್ರ. ಸಂಘದಲ್ಲಿ ವಾರವಾರ ಕಂತು ಕಟ್ಟುತ್ತ, ಗಂಡನ ಹೆಸರಿನ ಮನೆಗೆ ತಾರಸಿ ಹಾಕಿಸಿದ ಹೆಂಗಸರು ನಮ್ಮ ಪ್ರತಿಯೊಂದು ಊರಿನಲ್ಲೂ ಇದ್ದಾರೆ. ಸಾಲಕ್ಕೆ ಸಹಿ ಹಾಕುವ ಮುನ್ನ ಕ್ರಯಪತ್ರದಲ್ಲಿ ಹೆಸರು ಸೇರಿಸಿರೆಂದು ಕೇಳುವುದು ಅವಿಶ್ವಾಸವಲ್ಲ, ಲೆಕ್ಕ. ಹಾಗೆಯೇ, ತನ್ನ ಹೆಸರಿನಲ್ಲಿ ಮನೆಯಿದ್ದೂ ಗಂಡನಿಗೋ ಸೋದರನಿಗೋ ಮಾರುವ ಅಧಿಕಾರವಿರುವ ಜಿಪಿಎ ಬರೆದುಕೊಟ್ಟವಳು ಬೀಗವನ್ನು ತನ್ನಲ್ಲಿಟ್ಟುಕೊಂಡು ಕೀಲಿಕೈಯನ್ನು ಅವರಿಗೆ ಕೊಟ್ಟಂತೆ.

ಗಂಡನ ಮನೆಯಿಂದ ಹೊರಹಾಕುವ ಬೆದರಿಕೆಯಿದ್ದರೆ, ಮನೆ ಯಾರ ಹೆಸರಿನಲ್ಲೇ ಇರಲಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಅವಳಿಗೆ ಅಲ್ಲಿಯೇ ವಾಸಿಸುವ ಹಕ್ಕನ್ನು ಕೊಡುತ್ತದೆ. ಅತ್ತೆಮಾವಂದಿರ ಹೆಸರಿನ ಮನೆಯಾದರೂ ಅದು ಒಟ್ಟಾಗಿ ಬಾಳಿದ ಮನೆಯಾಗಬಲ್ಲುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದು ವಾಸದ ಹಕ್ಕು, ಒಡೆತನವಲ್ಲ. ವಕೀಲರ ಖರ್ಚಿಗೆ ಹೆದರಬೇಕಾದ ಕಾರಣವಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಆದಾಯವೆಷ್ಟೆಂದು ಕೇಳದೆ ಪ್ರತಿಯೊಬ್ಬ ಮಹಿಳೆಗೂ ಉಚಿತ ಕಾನೂನು ನೆರವು ಸಲ್ಲುತ್ತದೆ, ಚಿತ್ರದುರ್ಗದ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಪ್ರಾಧಿಕಾರವೂ ತಾಲ್ಲೂಕು ನ್ಯಾಯಾಲಯಗಳಲ್ಲಿ ಸೇವಾ ಸಮಿತಿಗಳೂ ಇವೆ, 15100ಕ್ಕೆ ಕರೆಮಾಡಿಯೂ ವಿಚಾರಿಸಬಹುದು.

ಕಡೆಯದಾಗಿ, ಮನೆ ದೊರೆತವಳ ಕರ್ತವ್ಯವೊಂದುಂಟು. ಮಕ್ಕಳಿಲ್ಲದ, ಗಂಡನೂ ಇಲ್ಲದ ಹಿಂದೂ ಮಹಿಳೆ ತಾನೇ ದುಡಿದು ಕಟ್ಟಿದ ಮನೆಯನ್ನು ಬಿಟ್ಟು ಉಯಿಲಿಲ್ಲದೆ ತೀರಿಕೊಂಡರೆ, 1956ರ ಕಾಯಿದೆಯ 15ನೆಯ ಕಲಮಿನಂತೆ ಅದು ಅವಳ ತಾಯಿತಂದೆಗಳಿಗಿಂತ ಮುಂಚೆ ಗಂಡನ ವಾರಸುದಾರರಿಗೆ ಹೋಗುತ್ತದೆ. ಅವಳನ್ನು ಹೊರದೂಡಿದ ಗಂಡನ ಮನೆಯವರಿಗೇ ಅವಳ ಸ್ವಯಾರ್ಜಿತ ಸೇರಿದ ಪ್ರಕರಣವನ್ನು 2009ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಬೇಕಾಯಿತು. ಇದನ್ನು ತಪ್ಪಿಸುವುದಕ್ಕೆ ಒಂದು ಹಾಳೆ ಕಾಗದ ಸಾಕು. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ಒಳ್ಳೆಯದು. ಬರೆದವಳು ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಸಹಿ ಹಾಕಬೇಕು, ಅವರೂ ಅವಳೆದುರಿಗೆ ಸಹಿ ಹಾಕಬೇಕು, ಆಸ್ತಿ ಪಡೆಯುವವರು ಸಾಕ್ಷಿಗಳಾಗದಿರುವುದು ಲೇಸು. ಮನಸ್ಸು ಬದಲಾದರೆ ಬದುಕಿರುವ ತನಕ ಎಷ್ಟು ಸಲ ಬೇಕಾದರೂ ತಿದ್ದಿ ಬರೆಯಬಹುದು. ಕೊನೆಯದೇ ಊರ್ಜಿತ, ಆದುದರಿಂದ ತಾರೀಖು ಹಾಕುವುದನ್ನು ಮರೆಯಬಾರದು.